ಚಿಕ್ಕಬಳ್ಳಾಪುರದ ಬಾಡಿಗೆ ಟರ್ಫ್: ಮಾಗಿ ಚಳಿಯಲ್ಲಿ ಬೆಳಗಿನ ಆರರ ಸ್ಲಾಟ್ ತಗೋಬಹುದಾ?

ಹೈದರಾಬಾದ್ ಹೆದ್ದಾರಿಯಿಂದ ಊರೊಳಗೆ ತಿರುಗುವ ರಸ್ತೆಯ ಬದಿಯಲ್ಲಿ, ಹಸಿರು ಬಲೆ ಹೊದ್ದು ನಿಂತಿರುವ ಫುಟ್‌ಬಾಲ್ ಟರ್ಫ್ ಇದು, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಸಣ್ಣ ಮೈದಾನ. ಬೆಳಿಗ್ಗೆ ಆರರಿಂದ ಏಳರ ಸ್ಲಾಟ್ 700 ರೂಪಾಯಿ, ಸಂಜೆಯದು 1,200. ತಂಡಗಳೆಲ್ಲ ಬೆಳಗಿನದಕ್ಕೆ ಮುಗಿಬೀಳುವುದು ಈ ಐನೂರು ರೂಪಾಯಿ ವ್ಯತ್ಯಾಸಕ್ಕೇ. ಕಾರ್ತಿಕ ಕಳೆದು ಶಿವರಾತ್ರಿ ಬರುವವರೆಗೆ ಆ ಹೊತ್ತಿನಲ್ಲಿ ಇಲ್ಲಿ ಆಡಬೇಕೇ, ಬೇಡವೇ ಎಂಬುದಷ್ಟೇ ಈ ವಿಮರ್ಶೆಯ ಪ್ರಶ್ನೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ನೆಲ ಚೆನ್ನಾಗಿದೆ, ಹುಡುಗರು ಕೆಲಸ ಬಲ್ಲವರು, ಆದರೆ ಅಡ್ವಾನ್ಸ್ ವಾಪಸ್ ಕೊಡುವ ನಿಯಮ ಕೆಟ್ಟದ್ದು. ಆಡಬಾರದ ದಿನ ಜನ ಆಡುವುದು ಹುಮ್ಮಸ್ಸಿನಿಂದಲ್ಲ, ಕಟ್ಟಿದ ದುಡ್ಡು ಹೋಗುತ್ತದೆ ಎಂಬ ಸಂಕಟದಿಂದ.

ಚಳಿಯ ವಿಷಯಕ್ಕೆ ಬಂದರೆ, ಚಳಿಯಲ್ಲಿ ಆಡಬಾರದು ಎಂದು ನಮ್ಮಲ್ಲಿ ನಡೆಯುವ ಅರ್ಧ ವಾದ ಟೀವಿಯಲ್ಲಿ ಇಂಗ್ಲೆಂಡಿನ ಪಂದ್ಯ ನೋಡಿ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಪಂದ್ಯ ನಿಲ್ಲುವುದು ಮೈಗೆ ಚಳಿಯಾಗುತ್ತದೆ ಎಂದಲ್ಲ, ನೆಲ ಹೆಪ್ಪುಗಟ್ಟುತ್ತದೆ ಎಂದು. ನೆಲದ ನೀರು ಗಟ್ಟಿಯಾದರೆ ಬೂಟಿನ ಅಡಿಯ ಗುಬುಟುಗಳು, ಅಂದರೆ ಸ್ಟಡ್, ಒಳಗೆ ಇಳಿಯುವುದಿಲ್ಲ, ಬಿದ್ದವನಿಗೆ ಅದು ಸಿಮೆಂಟ್ ನೆಲವೇ. ಅದಕ್ಕಿಂತ ಕೆಟ್ಟದ್ದು ಅರ್ಧ ಹೆಪ್ಪುಗಟ್ಟಿದ ಮೈದಾನ. ಸ್ಟ್ಯಾಂಡಿನ ನೆರಳು ಬೀಳುವ ಬದಿ ಕಲ್ಲಾಗಿರುತ್ತದೆ, ಬಿಸಿಲು ಬೀಳುವ ಬದಿ ಮೆತ್ತಗಿರುತ್ತದೆ. ಓಡುತ್ತಿರುವವನಿಗೆ ಗೆರೆ ಎಲ್ಲಿ ಬದಲಾಯಿತು ಎಂದು ಗೊತ್ತಾಗುವುದು ಕಾಲು ಜಾರಿದ ಮೇಲೆ. 1962–63ರ ಚಳಿಗಾಲದಲ್ಲಿ ಅಲ್ಲಿನ ದೊಡ್ಡ ಫುಟ್‌ಬಾಲ್ ಟೂರ್ನಿಯಾದ ಎಫ್‌ಎ ಕಪ್ಪಿನ ಮೂರನೇ ಸುತ್ತು ಮುಗಿಯಲು 66 ದಿನ ಹಿಡಿಯಿತು. ಲಿಂಕನ್ ಸಿಟಿ–ಕೊವೆಂಟ್ರಿ ಪಂದ್ಯವೊಂದನ್ನೇ 15 ಸಲ ಮುಂದೂಡಿದರು.

ಚಿಕ್ಕಬಳ್ಳಾಪುರದಲ್ಲಿ ಆ ಚಿಂತೆ ಇಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದರೂ ಜನವರಿಯ ಬೆಳಗು ಸಾಮಾನ್ಯವಾಗಿ 12ರಿಂದ 15 ಡಿಗ್ರಿ, ಕೆಲವು ದಿನ ಹತ್ತರ ಆಸುಪಾಸು. ಇದು ಓಡಲು ಒಳ್ಳೆಯ ಹವೆ. ಏಪ್ರಿಲ್ ಮಧ್ಯಾಹ್ನದ ಮೂರು ಗಂಟೆಗೆ ಇದೇ ರಬ್ಬರ್ ಕಾಳಿನ ಮೇಲೆ ಆಡಿಸುವುದಕ್ಕಿಂತ ಎಷ್ಟೋ ಮೇಲು. ನಮ್ಮ ಚಳಿಗಾಲ ತರುವ ತೊಂದರೆಗಳೇ ಬೇರೆ: ಇಬ್ಬನಿ, ಕಾವಳ, ಬಂಗಾಳ ಕೊಲ್ಲಿಯಿಂದ ಬರುವ ಸೈಕ್ಲೋನ್ ಮಳೆ. ಮೂರಕ್ಕೂ ಒಂದೇ ಮದ್ದಿಲ್ಲ.

ಮೊದಲು ನೆಲ. ಇಲ್ಲಿ ಹಾಸಿರುವುದು ಉದ್ದ ಎಳೆಯ ಕೃತಕ ಹುಲ್ಲು. ಎಳೆಗಳ ನಡುವೆ ಕೆಳಗೆ ಸಿಲಿಕಾ ಮರಳು, ಮೇಲೆ ಕಪ್ಪು ರಬ್ಬರ್ ಕಾಳು. ಮರಳಿನ ತೂಕ ಹಾಸನ್ನು ಹಿಡಿದಿಡುತ್ತದೆ, ಬಿದ್ದವನ ಪೆಟ್ಟನ್ನು ಕಾಳು ತಡೆಯುತ್ತದೆ. ಹಾಸಿನ ಬೆನ್ನಿಗೆ ಸಣ್ಣ ತೂತುಗಳಿವೆ, ಅದರಡಿ ಜಲ್ಲಿ, ಸುತ್ತ ಚರಂಡಿ. ನೀರು ಕೆಳಗಿಳಿದು ಹೊರಗೆ ಹೋಗಬೇಕು. ಹೆಚ್ಚಿನ ಕಡೆ ಅದು ಹೋಗುತ್ತದೆ ಕೂಡ. ಹೋಗದಿರುವುದು ಹೆದ್ದಾರಿ ಬದಿಯ ಗೋಲಿನ ಮುಂದೆ ಮತ್ತು ನಡುವೆ ಉದ್ದಕ್ಕೂ ಇರುವ ಒಂದು ಪಟ್ಟಿಯಲ್ಲಿ. ಆ ಪಟ್ಟಿ ಇದೇ ಬಲೆಯೊಳಗೆ ಆಡುವ ಬಾಕ್ಸ್ ಕ್ರಿಕೆಟ್ಟಿನ ಕಾಣಿಕೆ: ಬೌಲರ್ ಕಾಲೂರುವ ಜಾಗ, ಬ್ಯಾಟ್ಸ್‌ಮನ್ ನಿಲ್ಲುವ ಜಾಗ. ಅಲ್ಲಿ ಕಾಳು ಎದ್ದುಹೋಗಿ ಎಳೆಗಳು ಮಲಗಿಬಿಟ್ಟಿವೆ. ಮಲಗಿದ ಎಳೆಯ ಮೇಲೆ ನೀರು ಪದರ ಕಟ್ಟುತ್ತದೆ.

ಎಲ್ಲಿ ಎಷ್ಟು ಹಾಳಾಗಿದೆ ಎಂದು ತಿಳಿಯಲು ಸಲಕರಣೆ ಬೇಕಿಲ್ಲ. ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ, ಸುಮಾರು ಎರಡು ಮೀಟರ್ ಎತ್ತರದಲ್ಲಿ ಹಿಡಿದು ಸುಮ್ಮನೆ ಬಿಡಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಗುಣಮಟ್ಟದ ಟರ್ಫಿನಲ್ಲಿ ಅದು 60 ಸೆಂಟಿಮೀಟರಿನಿಂದ ಒಂದು ಮೀಟರ್ ತನಕ ಪುಟಿಯಬೇಕು, ಅಂದರೆ ಮಂಡಿಯ ಮೇಲಿಂದ ಸೊಂಟದೊಳಗೆ. ಮಂಡಿಗೂ ಬರದಿದ್ದರೆ ಅಲ್ಲಿ ನೀರು ನಿಂತಿದೆ, ಇಲ್ಲವೇ ಕಾಳು ವಿಪರೀತ ತುಂಬಿದೆ. ಸೊಂಟ ದಾಟಿದರೆ ಕಾಳು ಖಾಲಿಯಾಗಿ ತಳ ಗಟ್ಟಿಯಾಗಿದೆ. ಎರಡೂ ಗೋಲಿನ ಮುಂದೆ, ನಡುವೆ, ನಾಲ್ಕೂ ಮೂಲೆಗಳಲ್ಲಿ ಮಾಡಿ ನೋಡಿ. ಎರಡು ನಿಮಿಷದ ಕೆಲಸ. ಈ ಟರ್ಫಿನಲ್ಲಿ ಮೂಲೆಗಳು ಒಳ್ಳೆಯವು, ನಡುಪಟ್ಟಿ ಗಟ್ಟಿ, ಹೆದ್ದಾರಿ ಬದಿಯ ಗೋಲು ಮಳೆ ಬಂದ ಮರುದಿನ ಸತ್ತಂತಿರುತ್ತದೆ.

ಇಬ್ಬನಿಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಜಾರಿ ಬೀಳುವುದು ಮಾತ್ರ ಹೆಚ್ಚಾಗಿ ಅದರಿಂದಲೇ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಪ್ಲಾಸ್ಟಿಕ್ ಎಳೆ ಬೇಗ ಶಾಖ ಕಳೆದುಕೊಂಡು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ತೇವವೆಲ್ಲ ಅದರ ಮೇಲೆ ಹನಿಗಟ್ಟುತ್ತದೆ. ನಿಜವಾದ ಹುಲ್ಲಿನಲ್ಲಿ ಸ್ಟಡ್ ಮಣ್ಣಿಗಾದರೂ ಇಳಿಯುತ್ತದೆ. ಇಲ್ಲಿ ಒದ್ದೆ ಎಳೆ, ಬೂಟಿಗೆ ಅಂಟಿಕೊಂಡ ರಬ್ಬರ್ ಕಾಳು ಎರಡೂ ಸೇರಿ ಅಡಿಭಾಗ ನುಣ್ಣಗಾಗಿಬಿಡುತ್ತದೆ. ಮೊದಲ ಇಪ್ಪತ್ತು ನಿಮಿಷ ನೆಲದ ಮೇಲೆ ಉರುಳಿಸಿ ಕೊಟ್ಟ ಪಾಸು ಲೆಕ್ಕಕ್ಕಿಂತ ವೇಗವಾಗಿ ಓಡುತ್ತದೆ, ಕೀಪರ್ ಕೈಯಿಂದ ಚೆಂಡು ಜಾರುತ್ತದೆ.

ಪರಿಹಾರ ಸುಲಭ. ಮೈದಾನದ ಅಗಲಕ್ಕಿಂತ ಉದ್ದದ ಹಗ್ಗವೊಂದನ್ನು ಎರಡೂ ತುದಿಯಲ್ಲಿ ಒಬ್ಬೊಬ್ಬರು ಹಿಡಿದು, ನೆಲಕ್ಕೆ ತಾಗುವಂತೆ ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ಎಳೆದುಕೊಂಡು ಹೋಗುವುದು. ಕ್ರಿಕೆಟ್ ಮೈದಾನಗಳಲ್ಲಿ ಇಬ್ಬನಿ ಉದುರಿಸಲು ಮಾಡುವುದೂ ಇದನ್ನೇ. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ, ಐದು ನಿಮಿಷದೊಳಗೆ ಎಳೆಯ ಮೇಲಿನ ಹನಿ ಕೆಳಗಿಳಿದಿರುತ್ತದೆ. ಇಲ್ಲಿನ ಹುಡುಗರ ಬಳಿ ಹಗ್ಗ ಇದೆ, ಕೇಳಿದರೆ ಎಳೆದುಕೊಡುತ್ತಾರೆ. ಕೇಳದಿದ್ದರೆ ಇಲ್ಲ. ಐದೂ ಮುಕ್ಕಾಲಿಗೆ ಹೋಗಿ ಕೇಳಿ. ಆರಕ್ಕೆ ಕೇಳಿದರೆ ನಿಮ್ಮ ಸ್ಲಾಟಿನ ಐದು ನಿಮಿಷವೇ ಹೋಗುವುದು.

ಬೂಟಿನ ಬಗ್ಗೆ ಬೋರ್ಡ್ ಹಾಕಿದ್ದಾರೆ, ಪಾಲಿಸುವವರು ಕಡಿಮೆ. ಇಂಥ ನೆಲಕ್ಕೆ ಬೇಕಾದ್ದು ಟಿಎಫ್ ಎಂದು ಬರೆದಿರುವ, ಅಡಿ ತುಂಬ ಸಣ್ಣ ರಬ್ಬರ್ ಗುಬುಟುಗಳಿರುವ ಬೂಟು, ಅಥವಾ ಕೃತಕ ಹುಲ್ಲಿಗೆಂದೇ ಮಾಡಿದ ಎಜಿ. ಮಣ್ಣಿನ ಮೈದಾನದ ಎಫ್‌ಜಿ ಬೂಟಿನ ಉದ್ದ ಸ್ಟಡ್ಡು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕ ಮಂಡಿಯ ಲಿಗಮೆಂಟ್ ಹರಿಯುತ್ತದೆ. ಚಳಿಯಲ್ಲಿ ಬಿಸಿಯೇರದ ಸ್ನಾಯು ಮಂಡಿಯನ್ನು ಹಿಡಿದು ನಿಲ್ಲಿಸುವುದು ತಡವಾಗುತ್ತದೆ, ಹಾಗಾಗಿ ಅಪಾಯ ಇನ್ನೂ ಒಂದು ಕೈ ಜಾಸ್ತಿ. ಬಾಡಿಗೆಗೆ ಟಿಎಫ್ ಬೂಟು ಇಡಬಹುದಿತ್ತು, ಇಟ್ಟಿಲ್ಲ. ಓಡುವ ಶೂ ಹಾಕಿಕೊಂಡು ಬಂದರೆ ಇಬ್ಬನಿ ದಿನ ಆಡಲೇಬೇಡಿ.

ಇನ್ನು ಕಾವಳ. ಊರ ಸುತ್ತ ಕೆರೆಗಳಲ್ಲಿ ನೀರಿದ್ದರೆ, ನೆಲ ಒದ್ದೆಯಿದ್ದರೆ, ಗಾಳಿ ಇಲ್ಲದಿದ್ದರೆ ನಂದಿ ಬೆಟ್ಟದ ಸುತ್ತಲ ತಗ್ಗೆಲ್ಲ ಬೆಳಗಿನ ಜಾವ ಬಿಳಿಯಾಗುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಸುಮಾರಿಗೆ. ಮಂಜು ದಟ್ಟವಾಗುವುದೂ ಆಗಲೇ: ಬಿಸಿಲು ಬಿದ್ದ ಕೂಡಲೇ ಕರಗುವುದಿಲ್ಲ, ನೆಲದ ತೇವ ಮೇಲೆದ್ದು ಮೊದಲು ಇನ್ನಷ್ಟು ಕಟ್ಟಿಕೊಂಡು, ಎಂಟರ ಮೇಲೆ ಬಿಡುತ್ತದೆ. ಆರೂವರೆಗೆ ತಿಳಿಯಾಗಿದೆ ಎಂದು ಆಟ ಶುರು ಮಾಡಿದವರಿಗೆ ಏಳಕ್ಕೆ ಎದುರು ಗೋಲು ಮಸುಕಾಗುವುದು ಇದರಿಂದ.

ದೊಡ್ಡ ಮೈದಾನದಲ್ಲಿ ರೆಫರಿಗಳ ಪರೀಕ್ಷೆ ಸರಳ: ನಡುಗೆರೆಯ ಮೇಲೆ ನಿಂತರೆ ಎರಡೂ ಗೋಲು ಕಾಣಬೇಕು. ಊರಿನ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಂಥ ಪೂರ್ಣ ಅಳತೆಯ ಜಾಗಕ್ಕೆ ಅದು ಸರಿ. ಕಾಣದಿದ್ದರೂ ಆಡಿದರೆ ಏನಾಗುತ್ತದೆ ಎಂಬುದಕ್ಕೆ 1937ರ ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ನಡೆದ ಚೆಲ್ಸಿ–ಚಾರ್ಲ್‌ಟನ್ ಪಂದ್ಯವೇ ಇದೆ. ಮಂಜಿನಿಂದ ಆಟ ನಿಲ್ಲಿಸಿ ಎಲ್ಲರೂ ಒಳಗೆ ಹೋದರು. ಚಾರ್ಲ್‌ಟನ್ ಗೋಲ್‌ಕೀಪರ್ ಸ್ಯಾಮ್ ಬಾರ್ಟ್ರಮ್‌ಗೆ ಮಾತ್ರ ಅದು ಗೊತ್ತಾಗಲಿಲ್ಲ. ತನ್ನವರು ಆ ಕಡೆ ಒತ್ತಿ ಆಡುತ್ತಿದ್ದಾರೆ ಎಂದುಕೊಂಡು ಖಾಲಿ ಮೈದಾನದಲ್ಲಿ ಗೋಲು ಕಾಯುತ್ತ ನಿಂತಿದ್ದ, ಪೊಲೀಸಿನವನು ಬಂದು ಹೇಳುವವರೆಗೆ. 1945ರ ನವೆಂಬರಿನಲ್ಲಿ ಡೈನಮೊ ಮಾಸ್ಕೋ ತಂಡ ಲಂಡನ್ನಿನಲ್ಲಿ ಆರ್ಸೆನಲ್ ವಿರುದ್ಧ ಇಂಥದೇ ಮಂಜಿನಲ್ಲಿ ಆಡಿ 4–3ರಿಂದ ಗೆದ್ದಿತು. ಆ ಪಂದ್ಯದ ಜಗಳ ಆಮೇಲೆಯೂ ಮುಗಿಯಲಿಲ್ಲ. ಕಾಣದ ಆಟಕ್ಕೆ ತೀರ್ಪು ಕೊಡುವುದು ಯಾರು?

ನಮ್ಮ ಟರ್ಫ್ ಸಣ್ಣದು, ಗೋಲಿನಿಂದ ಗೋಲಿಗೆ ನಲವತ್ತು ಮೀಟರಿನ ಹತ್ತಿರ. ಗೋಲು ಕಾಣದಷ್ಟು ಮಂಜು ಇಲ್ಲಿ ಅಪರೂಪ. ತೊಂದರೆ ಕೊಡುವುದು ಲೈಟು. ಎಲ್‌ಇಡಿ ದೀಪಗಳನ್ನು ತಗ್ಗು ಕಂಬಕ್ಕೆ ಕಟ್ಟಿದ್ದಾರೆ. ಆ ಬೆಳಕು ಮಂಜಿನ ಹನಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಹೈಬೀಮ್ ಹಾಕಿಕೊಂಡು ಕಾವಳದಲ್ಲಿ ಕಾರು ಓಡಿಸಿದ ಹಾಗೆ. ಎತ್ತರದ ಚೆಂಡು ಕೀಪರಿಗೆ ಕಾಣುವುದು ಕೊನೆಯ ಐದಾರು ಮೀಟರಿನಲ್ಲಿ. ಆರೂ ಇಪ್ಪತ್ತರ ಹೊತ್ತಿಗೆ ನಸುಬೆಳಕು ಬಂದಿರುತ್ತದೆ. ಆಗ ಒಂದು ಬದಿಯ ದೀಪ ಆರಿಸಿದರೆ ನೋಟ ಎದ್ದು ಕಾಣುವಷ್ಟು ಸುಧಾರಿಸುತ್ತದೆ, ಆರೂ ಮುಕ್ಕಾಲಿಗೆ ಪೂರ್ತಿ ಆರಿಸಬಹುದು. ಸಿಬ್ಬಂದಿ ತಾವಾಗಿ ಆರಿಸುವುದಿಲ್ಲ, ಕೇಳಿದರೆ ‘ಲೈಟ್ ಹಾಕಿಲ್ಲ ಅಂತ ಆಮೇಲೆ ಕಂಪ್ಲೇಂಟ್ ಮಾಡ್ತಾರೆ ಸಾರ್’ ಅನ್ನುತ್ತಾರೆ. ಅವರ ಕಷ್ಟವೂ ಕಷ್ಟವೇ.

ತಂಡ ಗುರುತಿಸಲು ಮೇಲೆ ತೊಡಲೆಂದು ಕೊಡುವ ತೋಳಿಲ್ಲದ ಬನಿಯನ್ನುಗಳು, ಅಂದರೆ ಬಿಬ್ಬುಗಳು, ಒಂದು ಸೆಟ್ ಬೂದುಬಿಳಿ, ಇನ್ನೊಂದು ತಿಳಿನೀಲಿ. ಮಂಜಿನಲ್ಲಿ ಇದಕ್ಕಿಂತ ತಪ್ಪು ಆಯ್ಕೆ ಇಲ್ಲ. ಕಿತ್ತಳೆ, ಕಡುಕೆಂಪು ಸೆಟ್ ನೀವೇ ಒಯ್ಯಿರಿ. ಚೆಂಡೂ ಹಳದಿಯೋ ಕಿತ್ತಳೆಯೋ ಆಗಿರಲಿ. ಹಿಮದ ದೇಶಗಳಲ್ಲಿ ಬಣ್ಣದ ಚೆಂಡು ಹೊರತೆಗೆಯುವುದು ಚಂದಕ್ಕಲ್ಲ.

ಚೆಂಡಿನ ಮಾತು ಬಂದಿದ್ದರಿಂದ ಇಲ್ಲೇ ಮುಗಿಸೋಣ. ಐದನೇ ನಂಬರ್ ಚೆಂಡು ಆಟದ ಆರಂಭದಲ್ಲಿ 410ರಿಂದ 450 ಗ್ರಾಂ ಇರಬೇಕು, ಸುತ್ತಳತೆ 68ರಿಂದ 70 ಸೆಂಟಿಮೀಟರ್, ಒಳಗಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್. ಟರ್ಫಿನವರು ಕೊಡುವ ಹೊಲಿಗೆಯ ಚೆಂಡುಗಳಲ್ಲಿ ಮೇಲ್ಪದರ ಸವೆದವು ಹೆಚ್ಚು. ರಾತ್ರಿಯೆಲ್ಲ ಹೊರಗೆ ಬಿದ್ದು ನೀರು ಕುಡಿದಿರುತ್ತವೆ. ಅನುಮಾನವಿದ್ದರೆ ಪಕ್ಕದ ತರಕಾರಿ ಅಂಗಡಿಯ ತಕ್ಕಡಿ ಇದ್ದೇ ಇದೆ. ನೀರು ಕುಡಿದ ಚೆಂಡಿಗೆ ಮಕ್ಕಳು ತಲೆ ಕೊಡಬಾರದು. ಒತ್ತಡದ ವಿಚಾರವೂ ಇದೆ: ಮಧ್ಯಾಹ್ನ 30 ಡಿಗ್ರಿಯಲ್ಲಿ 0.8ಕ್ಕೆ ಗಾಳಿ ತುಂಬಿದ ಚೆಂಡು ಬೆಳಿಗ್ಗೆ 14 ಡಿಗ್ರಿಗೆ ಬಂದಾಗ ಸುಮಾರು 0.7ಕ್ಕೆ ಇಳಿದಿರುತ್ತದೆ, ಪಂಪಿನ ಮೀಟರಿನಲ್ಲಿ ಹೇಳುವುದಾದರೆ 1.3 ಪಿಎಸ್‌ಐನಷ್ಟು ಕಡಿಮೆ. ಪಂಕ್ಚರ್ ಆಗಿದೆ ಎಂದು ಮೂಲೆಗೆ ಎಸೆಯುವ ಮುನ್ನ ನಾಲ್ಕು ಸಲ ಪಂಪ್ ಹೊಡೆದು ನೋಡಿ. ಸೂಜಿಗೆ ಒಂದು ಹನಿ ಎಣ್ಣೆ ಸವರಿ. ಒಣಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ.

ಮಳೆ ಬೇರೆಯದೇ ಲೆಕ್ಕ. ನಮ್ಮ ಕಡೆ ನವೆಂಬರ್, ಡಿಸೆಂಬರಿನ ಮಳೆ ಗುಡುಗಿ ಸುರಿದು ಹೋಗುವಂಥದ್ದಲ್ಲ. ತಮಿಳುನಾಡು, ಆಂಧ್ರದ ಕರಾವಳಿಯಲ್ಲಿ ವಾಯುಭಾರ ಕುಸಿದರೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎರಡು ಮೂರು ದಿನ ಹಿಡಿದ ಜಿಟಿಜಿಟಿ ಬಿಡುವುದಿಲ್ಲ. 2021ರ ನವೆಂಬರಿನಲ್ಲಿ ಕೊಯ್ಲಿಗೆ ಬಂದ ರಾಗಿಯನ್ನು ಮೊಳಕೆ ಬರಿಸಿದ ಮಳೆ, 2024ರ ಡಿಸೆಂಬರ್ ಮೊದಲ ವಾರದ ಫೆಂಗಲ್ ಚಂಡಮಾರುತದ ಮಳೆ ಎರಡೂ ಇದೇ ಜಾತಿ. ಟರ್ಫ್ ಅದನ್ನು ತಡೆದುಕೊಳ್ಳುತ್ತದೆಯೇ? ನೆಲ ತಡೆದುಕೊಳ್ಳುತ್ತದೆ, ಹೆದ್ದಾರಿ ಬದಿಯ ಗೋಲು ಬಿಟ್ಟು. ಆಡುವವರು ತಡೆದುಕೊಳ್ಳುವುದು ಕಷ್ಟ. ಒಣಗಾಳಿಯ 12 ಡಿಗ್ರಿಗಿಂತ ಗಾಳಿ ಮಳೆ ಸೇರಿದ 18 ಡಿಗ್ರಿ ಮೈಯ ಶಾಖವನ್ನು ಬೇಗ ಎಳೆಯುತ್ತದೆ, ಅದರಲ್ಲೂ ಹತ್ತಿಯ ಟೀ ಶರ್ಟು ಒದ್ದೆಯಾಗಿ ಮೈಗಂಟಿದ್ದರೆ. ಓಡುವವನಿಗೆ ಗೊತ್ತಾಗುವುದಿಲ್ಲ, ಕೀಪರಿಗೂ ಬದಲಿ ಆಟಗಾರನಿಗೂ ಗೊತ್ತಾಗುತ್ತದೆ. ಹಲ್ಲು ಕಟಕಟಿಸುವುದು, ಬೂಟಿನ ಲೇಸು ಕಟ್ಟಲಾಗದಷ್ಟು ಬೆರಳು ಮರಗಟ್ಟುವುದು ಕಂಡರೆ ಆ ಹುಡುಗನನ್ನು ಹೊರಗೆ ಕರೆದು ಒಣಬಟ್ಟೆ ಹಾಕಿಸಿ. ಇಲ್ಲಿ ಬಟ್ಟೆ ಬದಲಿಸುವ ಕೋಣೆ ಒಂದೇ, ಅದಕ್ಕೆ ಬಾಗಿಲಿದೆ, ಚಿಲಕವಿಲ್ಲ.

ನೀರು ಹೋಗುವ ದಾರಿ ಎಷ್ಟು ಮುಖ್ಯ ಎಂಬುದನ್ನು ದುಡ್ಡಿದ್ದವರೂ ಕಲಿತದ್ದು ಕಷ್ಟಪಟ್ಟೇ. ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು 1958ರಲ್ಲಿ ತನ್ನ ಆಗಿನ ಮೈದಾನ ಗುಡಿಸನ್ ಪಾರ್ಕಿನ ಹುಲ್ಲಿನಡಿ ಸುಮಾರು 32 ಕಿಲೋಮೀಟರ್ ವಿದ್ಯುತ್ ತಂತಿ ಹೂಳಿಸಿ ನೆಲ ಬಿಸಿಮಾಡಿತು. ಇಂಗ್ಲೆಂಡಿನಲ್ಲಿ ಅದೇ ಮೊದಲು. ಹಿಮ ಕರಗಿತು, ಕರಗಿದ ನೀರು ಹೋಗಲು ದಾರಿ ಸಾಲಲಿಲ್ಲ. 1960ರಲ್ಲಿ ಮೈದಾನ ಅಗೆದು ಚರಂಡಿ ಸರಿಮಾಡಬೇಕಾಯಿತು. ಇಂದು ಪ್ರೀಮಿಯರ್ ಲೀಗಿನಲ್ಲಿ ನೆಲದಡಿಯ ತಾಪನ ಕಡ್ಡಾಯ. ನಮ್ಮ ಟರ್ಫ್ ಮಾಲೀಕರು ಇಷ್ಟನ್ನೇನೂ ಮಾಡಬೇಕಿಲ್ಲ. ಸುತ್ತಲ ಚರಂಡಿಯ ಜಾಲರಿಗೆ ಕಟ್ಟಿಕೊಂಡ ಕಾಳು, ಎಲೆ, ಗುಟ್ಕಾ ಪೊಟ್ಟಣವನ್ನು ವಾರಕ್ಕೊಮ್ಮೆ ತೆಗೆಸಿ, ಎದ್ದುಹೋದ ಕಾಳನ್ನು ಗೋಲಿನ ಮುಂದೆ ತುಂಬಿಸಿ, ಗಟ್ಟಿ ಬ್ರಷ್ಷಿನಿಂದ ಎಳೆಗಳನ್ನು ಎದುರುಬದಿಗೆ ಎಬ್ಬಿಸಿದರೆ ಅರ್ಧ ರೋಗ ಹೋಗುತ್ತದೆ.

ಮಣ್ಣಿನ ಮೈದಾನದವರು ಟರ್ಫಿನವರನ್ನು ನೋಡಿ ನಗುವುದುಂಟು, ಮಳೆಯಲ್ಲಿ ಆಡುವುದೇ ಮಜಾ ಎಂದು. ಮಜಾ ಹೌದು. ಆದರೆ ನಮ್ಮ ಕೆಮ್ಮಣ್ಣು ಮೇಲೆ ಜಿಡ್ಡಾಗಿ ಒಳಗೆ ಗಟ್ಟಿಯಾಗಿಯೇ ಇರುತ್ತದೆ, ಅಲ್ಲಿ ಇಪ್ಪತ್ತೆರಡು ಜನ ತುಳಿದರೆ ಮೂಡುವ ಹಳ್ಳಗಳು ಎರಡು ಬಿಸಿಲಿಗೆ ಇಟ್ಟಿಗೆಯಾಗುತ್ತವೆ. ಕಣಕಾಲು ಉಳುಕುವುದು ಆ ದಿನವಲ್ಲ, ಮುಂದಿನ ವಾರ. ಕೆಜಿಎಫ್‌ನಲ್ಲಿ ಗಣಿಯ ಕಾಲದಿಂದ ಫುಟ್‌ಬಾಲ್ ಆಡಿಕೊಂಡು ಬಂದಿರುವ ಜನ ಮಳೆ ನಿಂತ ಮೇಲೂ ಮೈದಾನಕ್ಕೆ ಒಂದು ದಿನ ಬಿಡುವು ಕೊಡಬೇಕೆನ್ನುವುದು ಇದಕ್ಕೇ.

ಗುಡುಗು ಮಿಂಚು ಚಳಿಗಾಲದಲ್ಲಿ ಕಡಿಮೆ, ಅಕ್ಟೋಬರಿನಲ್ಲೂ ಯುಗಾದಿಯ ನಂತರವೂ ಹೆಚ್ಚು. ನಿಯಮ ಒಂದೇ: ಮಿಂಚಿದ ಮೇಲೆ ಗುಡುಗು ಕೇಳಲು 30 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಆಟ ನಿಲ್ಲಿಸಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಟರ್ಫಿನ ಸುತ್ತ ಇರುವುದೆಲ್ಲ ಕಬ್ಬಿಣದ ಕಂಬ. ತಂಡಗಳು ಓಡಿಹೋಗಿ ನಿಲ್ಲುವ ತಗಡಿನ ಶೆಡ್ಡು ಆಸರೆಯಲ್ಲ, ಗಾಜು ಏರಿಸಿದ ಕಾರು ಆಸರೆ. 2024ರ ನವೆಂಬರಿನಲ್ಲಿ ಪೆರುವಿನ ಚಿಲ್ಕಾದಲ್ಲಿ ಆಟಗಾರರು ಮೈದಾನ ಬಿಟ್ಟು ಹೊರಗೆ ನಡೆಯುತ್ತಿದ್ದಾಗಲೇ ಸಿಡಿಲಿಗೆ ಒಬ್ಬ ಬಲಿಯಾದ. ನಿಲ್ಲಿಸುವುದು ತಡವಾದರೆ ನಿಲ್ಲಿಸಿಯೂ ಪ್ರಯೋಜನವಿಲ್ಲ.

ಮೈ ಬಿಸಿಮಾಡಿಕೊಳ್ಳುವ ವಿಷಯದಲ್ಲಿ ಒಂದು ಗಂಟೆಯ ಬಾಡಿಗೆಯೇ ಶತ್ರು. ಫಿಫಾದ ‘11+’ ಎಂಬ ವಾರ್ಮ್‌ಅಪ್ ಕ್ರಮಕ್ಕೆ ಸುಮಾರು 20 ನಿಮಿಷ ಬೇಕು. 700 ರೂಪಾಯಿಯ ಮೂರನೇ ಒಂದು ಭಾಗವನ್ನು ಅದಕ್ಕೆ ಯಾರು ಕೊಟ್ಟಾರು? ಹಾಗಾಗಿ ಗೇಟಿನಿಂದ ಬಂದವರೇ ನೇರ ಶಾಟ್ ಹೊಡೆಯಲು ನಿಲ್ಲುತ್ತಾರೆ, ಹತ್ತನೇ ನಿಮಿಷಕ್ಕೆ ಒಬ್ಬ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುತ್ತಾನೆ. ಇಲ್ಲಿನ ಪಾರ್ಕಿಂಗ್ ಜಾಗ ವಿಶಾಲವಾಗಿದೆ, ಐದೂಮುಕ್ಕಾಲಿಗೆ ಗೇಟು ತೆಗೆದಿರುತ್ತದೆ. ಮೂರು ನಿಮಿಷ ನಿಧಾನದ ಓಟ, ಮೂರು ನಿಮಿಷ ಕಾಲು ಮುಂದೆ ಹಿಂದೆ ಬೀಸುವುದು ಮತ್ತು ಉದ್ದ ಹೆಜ್ಜೆಯಿಟ್ಟು ಮಂಡಿ ಬಗ್ಗಿಸುವುದು, ಮೂರು ನಿಮಿಷ ಪಕ್ಕಕ್ಕೆ ಸರಿಯುವ ಓಟ, ಕೊನೆಗೆ ವೇಗ ಏರಿಸುತ್ತ ನಾಲ್ಕೈದು ಓಟ ಅಲ್ಲೇ ಮುಗಿಸಿ. ನಿಂತಲ್ಲೇ ಕಾಲ ಬೆರಳು ಮುಟ್ಟಿ ಇಪ್ಪತ್ತು ಎಣಿಸುವುದನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ. ಉಬ್ಬಸ ಇರುವವರು ತಣ್ಣನೆಯ ಒಣಗಾಳಿಯಲ್ಲಿ ಥಟ್ಟನೆ ಓಡಿದರೆ ಉಸಿರು ಕಟ್ಟುತ್ತದೆ; ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಕೀಪರ್ ಹಿಂದಿನ ಗೋಲಿನ ಬಲೆಯ ಪಕ್ಕ ಇರಲಿ. ಚಳಿಯನ್ನು ತೀರಾ ಹಗುರ ಮಾಡಬೇಕೆಂದೂ ಇಲ್ಲ: 2022ರ ಫೆಬ್ರವರಿಯಲ್ಲಿ ಅಮೆರಿಕದ ಸೇಂಟ್ ಪಾಲ್‌ನಲ್ಲಿ ಮೈನಸ್ 16ರ ಹತ್ತಿರ ಆಡಿಸಿದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಹೊಂಡುರಾಸ್‌ನ ಇಬ್ಬರು ಚಳಿ ತಡೆಯಲಾರದೆ ಮಧ್ಯಂತರದ ಬಳಿಕ ಮೈದಾನಕ್ಕೆ ಬರಲೇ ಇಲ್ಲ. ಆ ಪಂದ್ಯವನ್ನು ಬೇರೆ ಊರಲ್ಲಿ ಇಡಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ.

ಈಗ ಅಸಲಿ ತಕರಾರು. ಕೌಂಟರಿನ ಬೋರ್ಡಿನಲ್ಲಿ ಬರೆದಿರುವುದು ಇಷ್ಟು: ಸ್ಲಾಟ್ ಶುರುವಾಗುವ ಮುನ್ನ ಜೋರು ಮಳೆಯಿದ್ದರೆ ಅಡ್ವಾನ್ಸ್ 300 ರೂಪಾಯಿ ಇನ್ನೊಂದು ದಿನಕ್ಕೆ, ಶುರುವಾದ ಮೇಲೆ ಏನೂ ಇಲ್ಲ. ಮಂಜಿನ ಹೆಸರೇ ಇಲ್ಲ. ಜೋರು ಎಂದರೆ ಎಷ್ಟು ಎಂದೂ ಇಲ್ಲ, ಅದನ್ನು ತೀರ್ಮಾನಿಸುವುದು ಕೌಂಟರಿನಲ್ಲಿ ಕೂತವರು. ಹೀಗಿರುವುದರಿಂದ ಮಂಜಿದ್ದರೂ ದೇವನಹಳ್ಳಿ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ಬರುವ ಹುಡುಗರು ಐದು ಗಂಟೆಗೆ ಬೈಕ್ ಹತ್ತುತ್ತಾರೆ. ಕಾವಳ ಕವಿದ ಬೆಳಿಗ್ಗೆ ಟರ್ಫಿನೊಳಗಿನ ಅಪಾಯ ಸಣ್ಣದು. ದೊಡ್ಡದು ಹೆದ್ದಾರಿಯಲ್ಲಿದೆ: ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿ, ಎದುರಿನಿಂದ ತಪ್ಪುದಾರಿಯಲ್ಲಿ ಬರುವ ಟ್ರಾಕ್ಟರು.

ಇಂಗ್ಲೆಂಡಿನವರು ಇಲ್ಲಿ ನಮಗಿಂತ ಮುಂದಿದ್ದಾರೆ. ಮೈದಾನ ಆಡುವಂತಿದ್ದರೂ ಸುತ್ತಲ ರಸ್ತೆ, ಮೆಟ್ಟಿಲು ಮಂಜುಗಡ್ಡೆ ಕಟ್ಟಿದ್ದರೆ ಅಲ್ಲಿ ಪಂದ್ಯ ನಿಲ್ಲಿಸುತ್ತಾರೆ. 2010ರ ಜನವರಿಯಲ್ಲಿ ಲಿವರ್‌ಪೂಲ್–ಟಾಟನ್‌ಹ್ಯಾಮ್ ಪಂದ್ಯ ಮುಂದೆ ಹೋದದ್ದು ಆನ್‌ಫೀಲ್ಡ್ ಕ್ರೀಡಾಂಗಣದ ಸುತ್ತಲ ದಾರಿಗಳ ಸ್ಥಿತಿಯಿಂದ. 2025ರ ಜನವರಿ 5ರಂದು ಅದೇ ಆನ್‌ಫೀಲ್ಡಿನಲ್ಲಿ ಹಿಮ ಬಿದ್ದಿದ್ದರೂ ಅಧಿಕಾರಿಗಳು ಕೂತು ಪರಿಶೀಲಿಸಿ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ ನಡೆಸಿದರು, 2–2. ಸಣ್ಣ ಲೀಗುಗಳಲ್ಲೂ ಸ್ಥಳೀಯ ರೆಫರಿಯೊಬ್ಬರು ಬೆಳಿಗ್ಗೆಯೇ ಹೋಗಿ ನೆಲ ತುಳಿದು ನೋಡುತ್ತಾರೆ, ದೂರದ ತಂಡ ಬಸ್ಸು ಹತ್ತುವ ಮುನ್ನ ಸುದ್ದಿ ಮುಟ್ಟಲಿ ಎಂದು. ಆಡುವುದೋ ಬಿಡುವುದೋ ಎಂಬುದಕ್ಕಿಂತ ಅದನ್ನು ಯಾವ ಹೊತ್ತಿಗೆ ಹೇಳುತ್ತೀರಿ ಎಂಬುದು ದೊಡ್ಡದು.

ಇಲ್ಲಿ ಮಾಡಬಹುದಾದ್ದು ಕಷ್ಟದ್ದೇನಲ್ಲ. ರಾತ್ರಿ ಅಲ್ಲೇ ಮಲಗುವ ಹುಡುಗ ನಾಲ್ಕೂಮುಕ್ಕಾಲಿಗೆ ಎದ್ದು, ಈ ಗೋಲಿನಲ್ಲಿ ನಿಂತು ಆ ಗೋಲಿನ ಫೋಟೋ ಒಂದು, ಗೇಟಿನಿಂದ ಹೆದ್ದಾರಿಯ ಕಡೆಗೆ ಒಂದು ತೆಗೆದು ಬುಕ್ ಮಾಡಿದವರ ವಾಟ್ಸಾಪಿಗೆ ಹಾಕಲಿ. ರಸ್ತೆ ಕಾಣದಿದ್ದರೆ ಸ್ಲಾಟು ಎಂಟಕ್ಕೆ ಜಾರಲಿ. ಶುರುವಾಗಿ 20 ನಿಮಿಷದೊಳಗೆ ನಿಂತರೆ ಅರ್ಧ ದುಡ್ಡು ಮುಂದಿನ ಸಲಕ್ಕೆ ಇರಲಿ. ಸೋಮವಾರದಿಂದ ಶುಕ್ರವಾರದವರೆಗೆ ಮುಂದಿನ ಸ್ಲಾಟ್ ಖಾಲಿಯಿದ್ದರೆ ಇವರು ಬಾಯಿಮಾತಿನಲ್ಲಿ ಒಪ್ಪಿ ಜರುಗಿಸಿಕೊಡುತ್ತಾರೆ, ಅದಕ್ಕೆ ಮೆಚ್ಚುಗೆ ಹೇಳಲೇಬೇಕು. ಭಾನುವಾರ ಮಾತ್ರ ಜಪ್ಪಯ್ಯ ಅಂದರೂ ಇಲ್ಲ, ಹತ್ತರವರೆಗೆ ತುಂಬಿರುತ್ತದೆ.

ಟೂರ್ನಮೆಂಟ್ ಸೇವೆಗೆ ಇನ್ನೂ ಕಡಿಮೆ ಅಂಕ. ಸಂಕ್ರಾಂತಿಯ ಆಜೂಬಾಜು ನಡೆಸುವ ಒಂದು ದಿನದ ನಾಕೌಟ್‌ಗಳಿಗೆ ಮೀಸಲು ದಿನವೇ ಇರುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಮಂಜಿಗೆ ಹೋದರೆ ಅರ್ಧಾವಧಿಯನ್ನು ಹತ್ತರಿಂದ ಏಳು ನಿಮಿಷಕ್ಕೆ ಇಳಿಸಿ, ಊಟದ ಬಿಡುವು ಕಿತ್ತು, ಒಂದೇ ತಂಡವನ್ನು ಬೆನ್ನುಬೆನ್ನಿಗೆ ಎರಡು ಪಂದ್ಯ ಆಡಿಸುತ್ತಾರೆ. ಸಂಜೆಯ ಸೆಮಿಫೈನಲ್ಲಿನಲ್ಲಿ ಕಾಲು ಹಿಡಿದುಕೊಂಡು ಬೀಳುವವರೆಲ್ಲ ಈ ಲೆಕ್ಕದ ಬಲಿಗಳು. ಪ್ರವೇಶ ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ: ಮೀಸಲು ದಿನ ಯಾವುದು, ನಿಲ್ಲಿಸುವ ಅಧಿಕಾರ ಯಾರದು. ಆಟದ ಕಾನೂನಿನ ಪ್ರಕಾರ ಶುರುವಾದ ಪಂದ್ಯ ನಿಲ್ಲಿಸುವುದು ರೆಫರಿಯ ಅಧಿಕಾರ. ಆದರೆ ರೆಫರಿಗೆ ಸಂಜೆ ಸಂಭಾವನೆ ಕೊಡುವವರು ಟರ್ಫಿನವರೇ ಆಗಿದ್ದರೆ ಸೀಟಿ ಊದಲು ಎಷ್ಟು ಧೈರ್ಯ ಬಂದೀತು?

ಕೋಲಾರ, ತುಮಕೂರಿನ ಬಾಡಿಗೆ ಟರ್ಫುಗಳ ಬಗ್ಗೆ ಎರಡೇ ಮಾತು. ಕೋಲಾರದಲ್ಲಿ ಸೈಕ್ಲೋನ್ ಮಳೆಯ ಹೊಡೆತ ಮೊದಲು, ಹಾಗಾಗಿ ಚರಂಡಿ ನೋಡಿ ಬುಕ್ ಮಾಡಿ. ತುಮಕೂರಿನಲ್ಲಿ ಬೆಳಗಿನ ಕಾವಳ ಇಷ್ಟು ಕಾಡುವುದಿಲ್ಲ, ಇಬ್ಬನಿ ಅಷ್ಟೇ ಇದೆ; ಹಗ್ಗದ ಉಪಾಯ ಅಲ್ಲಿಗೂ ಸಲ್ಲುತ್ತದೆ.

ಅಂಕ ಕೊಡುವುದಾದರೆ ನೆಲಕ್ಕೆ ಐದಕ್ಕೆ ನಾಲ್ಕು, ಸಿಬ್ಬಂದಿಗೆ ನಾಲ್ಕು, ದೀಪಕ್ಕೆ ಎರಡೂವರೆ, ಚೆಂಡು ಮತ್ತು ಬಿಬ್ಬಿಗೆ ಎರಡು, ರೀಫಂಡ್ ನಿಯಮಕ್ಕೆ ಒಂದು. ಡಿಸೆಂಬರ್ 15ರಿಂದ ಜನವರಿ ಕೊನೆಯವರೆಗೆ ಆರರ ಸ್ಲಾಟ್ ಊರೊಳಗಿನವರಿಗೆ, ನಡೆದೋ ಸೈಕಲ್ಲಿನಲ್ಲೋ ಬರುವವರಿಗೆ ಮಾತ್ರ ಸರಿ. ಹೆದ್ದಾರಿ ಹಿಡಿದು ಬರುವವರು ಏಳೂವರೆ ಅಥವಾ ಎಂಟರದ್ದು ಕೇಳಿ. ಹನ್ನೆರಡು ವರ್ಷದೊಳಗಿನ ಮಕ್ಕಳ ಕೋಚಿಂಗನ್ನು ಎಂಟಕ್ಕಿಂತ ಮೊದಲು ಇಡಿಸಬೇಡಿ. ಫೋನ್ ಮಾಡಿದಾಗ ‘ಸ್ಲಾಟ್ ಇದೆಯಾ’ ಎಂದು ಕೇಳುವ ಮೊದಲು ‘ಮಂಜಿದ್ದರೆ ಜರುಗಿಸಿಕೊಡ್ತೀರಾ, ಅದನ್ನ ಮೆಸೇಜಲ್ಲಿ ಹಾಕಿ’ ಅನ್ನಿ. ಮೆಸೇಜು ಬಂದ ಮೇಲೆ ಅಡ್ವಾನ್ಸ್ ಹಾಕಿ. ಬರದಿದ್ದರೆ ಆ ವಾರ ಸಂಜೆಯ ಸ್ಲಾಟಿಗೆ ತಲೆಗೆ ಐವತ್ತು ರೂಪಾಯಿ ಜಾಸ್ತಿ ಹಾಕಿ ಆಡಿ.